ಒಂದೇ ಲೇಡಲ್, ಎರಡು ಕಬ್ಬಿಣ

ಮಾನ್ಯರೇ,

ಇಂದಿನ ಮಾತನ್ನು ಮೊಂಡಾದ ಒಂದು ಡ್ರಿಲ್ ಬಿಟ್ಟಿನಿಂದ ಆರಂಭಿಸುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಫೌಂಡ್ರಿಯಿಂದ ಹೋದ ಪಂಪಿನ ಕವಚಗಳಲ್ಲಿ ಒಂದಷ್ಟನ್ನು ಗಿರಾಕಿ ಹಿಂದಕ್ಕೆ ಕಳಿಸಿದ. ಕವಚದ ದಪ್ಪ ಮೈ ಲೇತಿನಲ್ಲಿ ಸಲೀಸಾಗಿ ಸುಲಿಯುತ್ತಿತ್ತು. ಆದರೆ ಅಂಚಿನ ತೆಳು ಫ್ಲ್ಯಾಂಜಿನಲ್ಲಿ ಬೋಲ್ಟಿಗಾಗಿ ರಂಧ್ರ ಕೊರೆಯಹೊರಟರೆ ಡ್ರಿಲ್ ಕಿರ್ರೆಂದು ಅರಚಿ, ತುದಿ ನೀಲಿಗಟ್ಟಿ, ಒಳಕ್ಕೆ ಇಳಿಯದೆ ನಿಂತುಬಿಡುತ್ತಿತ್ತು. ಗಿರಾಕಿಯ ದೂರು ನೇರವಾಗಿತ್ತು: ನೀವು ಲೋಹ ಬದಲಿಸಿದ್ದೀರಿ. ನಾವು ಫ್ಲ್ಯಾಂಜಿನಿಂದಲೂ ಮೈಯಿಂದಲೂ ಮಾದರಿ ತೆಗೆದು ರಾಸಾಯನಿಕ ವಿಶ್ಲೇಷಣೆ ಮಾಡಿಸಿದೆವು. ಇಂಗಾಲ, ಸಿಲಿಕಾನ್, ಮ್ಯಾಂಗನೀಸ್, ಗಂಧಕ, ರಂಜಕ, ಎಲ್ಲವೂ ಎರಡೂ ಕಡೆ ಒಂದೇ. ಸಂಯೋಜನೆ ಒಂದೇ ಆಗಿದ್ದರೂ ಕೈಯಲ್ಲಿದ್ದದ್ದು ಎರಡು ಬೇರೆ ಬೇರೆ ಕಬ್ಬಿಣ.

ಹಿಂದಿರುಗಿದ ಕವಚವೊಂದರ ಫ್ಲ್ಯಾಂಜನ್ನು ಸುತ್ತಿಗೆಯಿಂದ ಮುರಿದು ನೋಡಿದಾಗ ಉತ್ತರ ಬರಿಗಣ್ಣಿಗೇ ಕಂಡಿತು. ಮುರಿದ ಮುಖದಲ್ಲಿ ಅಂಚಿನ ಕಡೆ ಬೆಳ್ಳಗೆ ಹೊಳೆಯುವ, ಉದ್ದುದ್ದ ಗೆರೆಗಳಿದ್ದ ಪಟ್ಟಿ. ಅದರ ಹಿಂದೆ ಬಿಳಿ ಬೂದು ಬೆರೆತ ಚುಕ್ಕೆ ಚುಕ್ಕೆಯ ಭಾಗ. ಮೈಯ ಕಡೆ ಪೆನ್ಸಿಲ್ ಸೀಸದಂಥ ಮಂಕು ಬೂದು. ನಮ್ಮಲ್ಲಿ ಇದಕ್ಕೆ ‘ಅಂಚು ಚಿಲ್ ಆಗಿದೆ’ ಎನ್ನುತ್ತಾರೆ. ದೋಸೆಯ ಬೀಡಿನ ಕಾವಲಿ ಎಲ್ಲರ ಮನೆಯಲ್ಲೂ ಇರುವುದರಿಂದ ಬೀಡು ಕಬ್ಬಿಣ ನಿಮಗೆ ಹೊಸದಲ್ಲ. ಆದರೆ ಬೀಡು ಎನ್ನುವುದು ಒಂದು ಲೋಹದ ಹೆಸರಲ್ಲ, ಕರಗಿದ ಒಂದೇ ದ್ರವ ಗಟ್ಟಿಯಾಗುವಾಗ ಹಿಡಿಯಬಹುದಾದ ಹಲವು ದಾರಿಗಳ ಒಟ್ಟು ಹೆಸರು ಎಂಬುದನ್ನು ತೋರಿಸುವುದಷ್ಟೇ ನನ್ನ ಇವತ್ತಿನ ಉದ್ದೇಶ.

ಬೀಡಿನಲ್ಲಿ ಸುಮಾರು ಶೇಕಡಾ 3ರಿಂದ 3.5ರಷ್ಟು ಇಂಗಾಲ, 2ರಷ್ಟು ಸಿಲಿಕಾನ್ ಇರುತ್ತದೆ. ದ್ರವರೂಪದಲ್ಲಿ ಇಷ್ಟೂ ಇಂಗಾಲ ಕಬ್ಬಿಣದಲ್ಲಿ ಕರಗಿಕೊಂಡಿರುತ್ತದೆ, ಘನವಾದ ಕಬ್ಬಿಣಕ್ಕೆ ಅಷ್ಟನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಹೊರಬೀಳುವ ಇಂಗಾಲದ ಮುಂದೆ ಎರಡು ಆಯ್ಕೆಗಳಿವೆ. ಒಂದು, ಗ್ರಾಫೈಟ್ ಆಗಿ ತಾನೇ ಬೇರೆ ನಿಲ್ಲುವುದು. ಇನ್ನೊಂದು, ಕಬ್ಬಿಣದ ಮೂರು ಪರಮಾಣುಗಳ ಜೊತೆ ಒಂದಾಗಿ ಸಿಮೆಂಟೈಟ್ ಎಂಬ ಅತಿ ಗಡುಸಾದ ಸಂಯುಕ್ತವಾಗುವುದು. ಮೊದಲನೆಯದಾದರೆ ಬೂದು ಬೀಡು, ಎರಡನೆಯದಾದರೆ ಬಿಳಿ ಬೀಡು. ಗ್ರಾಫೈಟಿನ ದಾರಿಯೇ ಹೆಚ್ಚು ಸ್ಥಿರವಾದದ್ದು. ಬರೀ ಕಬ್ಬಿಣ-ಇಂಗಾಲದ ದ್ರವದಲ್ಲಿ ಗ್ರಾಫೈಟ್ ಯೂಟೆಕ್ಟಿಕ್, ಎಂದರೆ ಉಳಿದ ದ್ರವದಿಂದ ಕಬ್ಬಿಣವೂ ಗ್ರಾಫೈಟೂ ಒಟ್ಟಿಗೆ ಗಟ್ಟಿಯಾಗುವ ಹಂತ, ಸುಮಾರು 1153 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರಂಭವಾಗಬಹುದು, ಸಿಮೆಂಟೈಟಿನದು ಸುಮಾರು 1147ರಲ್ಲಿ. ಎರಡರ ನಡುವೆ ಬರೀ ಆರು ಡಿಗ್ರಿ! ಒಂದೂವರೆ ಸಾವಿರ ಡಿಗ್ರಿಯ ಹತ್ತಿರ ಕುದಿಯುವಂತೆ ಕಾಣುವ ಲೋಹವನ್ನು ಸುರಿಯುವವನಿಗೆ ಆರು ಡಿಗ್ರಿ ಎಂಬುದು ಲೆಕ್ಕಕ್ಕೇ ಬರದ ಸಂಗತಿ. ಆದರೆ ಆ ಎರಕ ಡ್ರಿಲ್ಲಿಗೆ ಬಗ್ಗುತ್ತದೋ ಇಲ್ಲವೋ ಎಂಬುದು ಈ ಕಿಟಕಿಯಲ್ಲೇ ತೀರ್ಮಾನವಾಗುತ್ತದೆ.

ಹೇಗೆಂದರೆ, ಗ್ರಾಫೈಟ್ ಬೆಳೆಯಲು ಇಂಗಾಲದ ಪರಮಾಣುಗಳು ದ್ರವದಲ್ಲಿ ಹರಿದು ಒಂದೆಡೆ ಸೇರಬೇಕು, ಅದಕ್ಕೆ ಮೊದಲು ಒಂದು ಬೀಜ ಬೇಕು. ಇವೆರಡಕ್ಕೂ ಕಾಲಾವಕಾಶ ಬೇಕು. ದಪ್ಪ ಭಾಗದಲ್ಲಿ ಶಾಖ ನಿಧಾನವಾಗಿ ಅಚ್ಚಿನ ಮರಳಿಗೆ ಇಳಿಯುವುದರಿಂದ ಲೋಹ 1147ಕ್ಕಿಂತ ಮೇಲೆಯೇ ಗ್ರಾಫೈಟನ್ನು ಹುಟ್ಟಿಸಿಕೊಂಡು, ಹುಟ್ಟುವಾಗ ಬಿಡುಗಡೆಯಾಗುವ ಗುಪ್ತ ಶಾಖದಿಂದ ತನ್ನನ್ನು ತಾನೇ ಬೆಚ್ಚಗಿಟ್ಟುಕೊಂಡು ಬೂದಾಗಿ ಗಟ್ಟಿಯಾಗುತ್ತದೆ. ತೆಳು ಅಂಚಿನಲ್ಲಿ ಹಾಗಲ್ಲ. ಗ್ರಾಫೈಟ್ ತಯಾರಾಗುವ ಮುನ್ನವೇ ಉಷ್ಣತೆ ಆ ಗೆರೆಯ ಕೆಳಗೆ ಜಾರಿಬಿಡುತ್ತದೆ, ಜಾರಿದ ಕೂಡಲೇ ಸಿಮೆಂಟೈಟ್ ಸರಸರನೆ ಬೆಳೆಯುತ್ತದೆ. ಸಿಲಿಕಾನ್ ಸೇರಿದಾಗ ಕಿಟಕಿ ಕೆಲವು ಪಟ್ಟು ಅಗಲವಾಗುತ್ತದೆ, ಕ್ರೋಮಿಯಂ ಅದನ್ನು ಕಿರಿದಾಗಿಸುತ್ತದೆ. ಬೀಡಿಗೆ ಸಿಲಿಕಾನ್ ಏಕೆ ಹಾಕುತ್ತಾರೆ, ಕ್ರೋಮಿಯಂ ಇರುವ ಗುಜರಿಯನ್ನು ಕಂಡರೆ ಬೂದು ಬೀಡಿನ ಫೌಂಡ್ರಿಯವರು ಏಕೆ ಮುಖ ಸಿಂಡರಿಸುತ್ತಾರೆ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಕಾಲಾವಕಾಶ ಎಷ್ಟು ಎಂಬುದಕ್ಕೂ ಲೆಕ್ಕವಿದೆ. ಎರಕ ಗಟ್ಟಿಯಾಗಲು ಬೇಕಾದ ಸಮಯ ಅದರ ಗಾತ್ರವನ್ನು ಹೊರಮೈ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಖ್ವೋರಿನೋವ್ 1940ರಲ್ಲಿ ತೋರಿಸಿದ. ಹಲಗೆಯಂಥ ಎರಕಕ್ಕೆ ಇದನ್ನು ಅನ್ವಯಿಸಿದರೆ, ದಪ್ಪ ಎರಡರಷ್ಟಾದಾಗ ಸಮಯ ನಾಲ್ಕರಷ್ಟಾಗುತ್ತದೆ. ನಮ್ಮ ಕವಚದ ಮೈ 20 ಮಿಲಿಮೀಟರ್, ಫ್ಲ್ಯಾಂಜ್ 5 ಮಿಲಿಮೀಟರ್; ಎಂದರೆ ಫ್ಲ್ಯಾಂಜಿಗೆ ಸಿಕ್ಕ ಕಾಲ ಮೈಗೆ ಸಿಕ್ಕಿದ್ದರ ಹದಿನಾರನೆಯ ಒಂದು ಪಾಲು. ಮೂಲೆಗಳಲ್ಲಿ ಶಾಖ ಎರಡು ಕಡೆಯಿಂದ ಹೊರಬೀಳುವುದರಿಂದ ಅಲ್ಲಿ ಇನ್ನೂ ಕಡಿಮೆ.

ಈ ಸಂಗತಿಯನ್ನು ಫೌಂಡ್ರಿಯ ಹಳಬರು ಸೂತ್ರವಿಲ್ಲದೆಯೇ ಬಳಸುತ್ತ ಬಂದಿದ್ದಾರೆ. ಕರಗಿದ ಲೋಹವನ್ನು ಸುರಿಯುವ ಪಾತ್ರೆಯಾದ ಲೇಡಲ್‌ನಿಂದ ಒಂದು ಚಮಚದಷ್ಟು ಲೋಹವನ್ನು ಬೆಣೆಯಾಕಾರದ ಸಣ್ಣ ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ನೀರಿಗೆ ಹಾಕಿ, ಮುರಿದು ನೋಡುವುದು. ಬೆಣೆಯ ತುದಿ ಕೂದಲೆಳೆಯಷ್ಟು ತೆಳು, ಬುಡ ದಪ್ಪ. ಹಾಗಾಗಿ ಒಂದೇ ತುಂಡಿನಲ್ಲಿ ಎಲ್ಲ ತಣಿಯುವ ವೇಗಗಳೂ ಸಾಲಾಗಿ ಬಂದು ನಿಂತಿರುತ್ತವೆ. ಬಿಳಿ ಎಲ್ಲಿ ಮುಗಿದು ಬೂದು ಎಲ್ಲಿ ಶುರುವಾಯಿತು ಎಂಬಲ್ಲಿ ಬೆಣೆಯ ಅಗಲವನ್ನು ಅಳೆದರೆ, ಈ ಲೋಹವನ್ನು ಎಷ್ಟು ತೆಳು ಎರಕಕ್ಕೆ ಧೈರ್ಯವಾಗಿ ಸುರಿಯಬಹುದು ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಲೋಹದ ಸಂಯೋಜನೆ ಅಳೆಯುವ ಸ್ಪೆಕ್ಟ್ರೋಮೀಟರಿನ ಅಚ್ಚಾದ ಕಾಗದಕ್ಕಿಂತ ಈ ಮುರಿದ ಬೆಣೆಯನ್ನು ನಾನು ಹೆಚ್ಚು ನಂಬುತ್ತೇನೆ. ಕಾಗದ ಏನೇನಿದೆ ಎಂದು ಹೇಳುತ್ತದೆ, ಬೆಣೆ ಏನಾಗಲಿದೆ ಎಂದು ಹೇಳುತ್ತದೆ.

ಇನ್ನು ನಮ್ಮ ಕವಚಗಳ ವಿಷಯ. ಎಲ್ಲ ಕವಚಗಳೂ ಕೆಟ್ಟಿರಲಿಲ್ಲ. ಅಚ್ಚಿನ ಸಂಖ್ಯೆಗಳನ್ನು ಹೊಂದಿಸಿ ನೋಡಿದಾಗ, ಪ್ರತಿ ಲೇಡಲ್‌ನಲ್ಲೂ ಕೊನೆಗೆ ಸುರಿದ ಅಚ್ಚುಗಳೇ ಹಿಂದಿರುಗಿದ್ದವು. ಕಾರಣ ಸ್ಪಷ್ಟವಾಯಿತು. ಗ್ರಾಫೈಟಿಗೆ ಬೀಜ ಒದಗಿಸಲೆಂದು ಲೇಡಲ್‌ಗೆ ಫೆರೋಸಿಲಿಕಾನ್ (ಕಬ್ಬಿಣ-ಸಿಲಿಕಾನ್ ಮಿಶ್ರಲೋಹ) ಪುಡಿಯನ್ನು, ಲೋಹದ ತೂಕದ ಶೇಕಡಾ 0.2ರಷ್ಟೋ 0.3ರಷ್ಟೋ, ಹಾಕುವುದು ರೂಢಿ. ಅದರಲ್ಲಿರುವ ಕ್ಯಾಲ್ಸಿಯಂ, ಅಲ್ಯೂಮಿನಿಯಂಗಳಿಂದ ಹುಟ್ಟುವ ಅತಿ ಸೂಕ್ಷ್ಮ ಕಣಗಳ ಮೇಲೆ ಗ್ರಾಫೈಟ್ ಕುಳಿತು ಬೆಳೆಯುತ್ತದೆ. ಆದರೆ ಈ ಕಣಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತ, ತೇಲಿಹೋಗುತ್ತ, ಹತ್ತು ಹದಿನೈದು ನಿಮಿಷಗಳಲ್ಲಿ ಪರಿಣಾಮ ಸವೆದುಹೋಗುತ್ತದೆ. ಮೊದಲ ಅಚ್ಚಿಗೂ ಕೊನೆಯ ಅಚ್ಚಿಗೂ ರಾಸಾಯನಿಕವಾಗಿ ಯಾವ ವ್ಯತ್ಯಾಸವೂ ಇರಲಿಲ್ಲ. ಒಂದಕ್ಕೆ ಬೀಜವಿತ್ತು, ಇನ್ನೊಂದಕ್ಕೆ ಇರಲಿಲ್ಲ, ಅಷ್ಟೇ. ಪುಡಿಯ ಒಂದು ಪಾಲನ್ನು ಸುರಿಯುವ ಧಾರೆಗೇ ಬೀಳುವಂತೆ ಮಾಡಿ, ಫ್ಲ್ಯಾಂಜಿನ ಚೂಪು ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿದ ಮೇಲೆ ದೂರು ನಿಂತಿತು.

ಇದೇ ಬಿಳಿ ಬೀಡನ್ನು ಬೇಕೆಂದೇ ತರಿಸಿಕೊಳ್ಳುವವರೂ ಇದ್ದಾರೆ ಎಂಬುದನ್ನು ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಎಂಜಿನ್ನಿನ ಕವಾಟಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನಲ್ಲಿ ಕ್ಯಾಮಿನ, ಎಂದರೆ ಅದರ ಮೊಟ್ಟೆಯಾಕಾರದ ಉಬ್ಬಿನ, ಮೂಗು ಸದಾ ಉಜ್ಜಿಸಿಕೊಳ್ಳುವ ಭಾಗ, ಅದು ಸವೆಯಬಾರದು. ದಂಡದ ತಿರುಳು ಮಾತ್ರ ಯಂತ್ರಕ್ಕೆ ಬಗ್ಗಬೇಕು, ಹೊಡೆತ ತಾಳಬೇಕು. ಆದ್ದರಿಂದ ಮರಳಿನ ಅಚ್ಚಿನಲ್ಲಿ ಕ್ಯಾಮ್ ಬರುವ ಕಡೆ ಮಾತ್ರ ಕಬ್ಬಿಣದ ತುಂಡುಗಳನ್ನು ಕೂರಿಸುತ್ತಾರೆ. ಅವು ಶಾಖವನ್ನು ಹೀರಿಕೊಂಡು ಆ ಮುಖವನ್ನಷ್ಟೇ ಬಿಳಿಯಾಗಿಸುತ್ತವೆ. ನಮಗೆ ಶಾಪವಾಗಿದ್ದದ್ದು ಅವರಿಗೆ ಬಿಟ್ಟಿ ಸಿಕ್ಕ ಗಡುಸುತನ.

ಗ್ರಾಫೈಟಿನ ಆಕಾರವೂ ಘನೀಭವನದ ವೇಳೆಯಲ್ಲೇ ನಿಶ್ಚಯವಾಗುವ ಸಂಗತಿ. ಸಾಮಾನ್ಯ ಬೂದು ಬೀಡಿನಲ್ಲಿ ಅದು ತೆಳು ಹಾಳೆಗಳಾಗಿ ಹರಡಿರುತ್ತದೆ, ಪ್ರತಿ ಹಾಳೆಯ ಅಂಚೂ ಒಂದು ಸೀಳಿನಂತೆ ವರ್ತಿಸುತ್ತದೆ. ಕಾವಲಿ ಕೈಜಾರಿ ಬಿದ್ದರೆ ಬಗ್ಗದೆ ಒಡೆಯುವುದು ಇದರಿಂದಲೇ. ದ್ರವಕ್ಕೆ ಶೇಕಡಾ 0.04ರಷ್ಟು ಮೆಗ್ನೀಸಿಯಂ ಉಳಿಯುವಂತೆ ಮಾಡಿದರೆ ಗ್ರಾಫೈಟ್ ಗೋಲಿಗಳಾಗಿ ಬೆಳೆಯುತ್ತದೆ, ಅದೇ ಬೀಡು ಶೇಕಡಾ 18ರಷ್ಟು ಹಿಗ್ಗಿಯೂ ಮುರಿಯದ ಲೋಹವಾಗುತ್ತದೆ. ಈ ಶೋಧ ಜಗತ್ತಿಗೆ ತಿಳಿದದ್ದು 1948ರಲ್ಲಿ. ಮೆಗ್ನೀಸಿಯಂ ಕುದಿಯುವುದು 1090 ಡಿಗ್ರಿಯ ಆಸುಪಾಸಿನಲ್ಲಾದ್ದರಿಂದ ಕರಗಿದ ಕಬ್ಬಿಣಕ್ಕೆ ಅದನ್ನು ಸೇರಿಸುವ ಕ್ಷಣ ಕಣ್ಣು ಕೋರೈಸುವ ಪಟಾಕಿಯಂತಿರುತ್ತದೆ. ನೋಡಲು ಚೆನ್ನ, ಹತ್ತಿರ ನಿಲ್ಲಲು ಅಲ್ಲ.

ಗಟ್ಟಿಯಾಗುವ ವೇಗದ ಈ ಆಟ ಬೀಡಿನದೊಂದೇ ಅಲ್ಲ, ಈಗ ಅಲ್ಯೂಮಿನಿಯಂ ಕಡೆಗೆ ತಿರುಗೋಣ. ಕಾರಿನ ಚಕ್ರ, ಸಿಲಿಂಡರ್ ಹೆಡ್ಡುಗಳಿಗೆ ಬಳಸುವ, ಶೇಕಡಾ 7ರಷ್ಟು ಸಿಲಿಕಾನ್ ಇರುವ ಮಿಶ್ರಲೋಹದಲ್ಲಿ ಮೊದಲು ಗಟ್ಟಿಯಾಗುವುದು ಅಲ್ಯೂಮಿನಿಯಂ. ಅದು ಉಂಡೆಯಾಗಿ ಬೆಳೆಯದೆ ಕಾಂಡ, ಕೊಂಬೆ, ಕೊಂಬೆಗೆ ರೆಂಬೆ ಎಂಬಂತೆ ಮರವಾಗಿ ಬೆಳೆಯುತ್ತದೆ; ಡೆಂಡ್ರೈಟ್ ಎಂಬ ಹೆಸರಿನ ಮೂಲವಾದ ಗ್ರೀಕ್ ಪದಕ್ಕೂ ಮರವೆಂದೇ ಅರ್ಥ. ಬೆಳೆಯುವ ಮುಖ ತನಗೆ ಬೇಡವಾದ ಸಿಲಿಕಾನನ್ನು ಮುಂದಕ್ಕೆ ತಳ್ಳುತ್ತದೆ, ಮುಖದೆದುರು ದಟ್ಟವಾದ ದ್ರವದ ಪದರವೊಂದು ನಿಲ್ಲುತ್ತದೆ, ಆ ಪದರವನ್ನು ಭೇದಿಸಿ ಮುಂಚಾಚಿದ ಮೊಳಕೆಗೆ ಆಚೆ ಹೆಚ್ಚು ಅನುಕೂಲದ ದ್ರವ ಸಿಗುವುದರಿಂದ ಅದು ಇನ್ನಷ್ಟು ಮುಂದೋಡುತ್ತದೆ. ಕೊಂಬೆಗಳ ಸಂದಿಯಲ್ಲಿ ಉಳಿದ ದ್ರವ ಕೊನೆಗೆ 577 ಡಿಗ್ರಿಯ ಹೊತ್ತಿಗೆ ಯೂಟೆಕ್ಟಿಕ್ ಆಗಿ ಗಟ್ಟಿಯಾಗುತ್ತದೆ. ಅನಿಲದ ಗುಳ್ಳೆ, ಕುಗ್ಗುವಿಕೆಯ ಟೊಳ್ಳು, ಕಬ್ಬಿಣದ ಕಲ್ಮಶದಿಂದಾಗುವ ಸೂಜಿಗಳು, ಎಲ್ಲ ಅನಿಷ್ಟಗಳೂ ವಾಸ ಮಾಡುವುದು ಈ ಸಂದಿಗಳಲ್ಲೇ.

ಆದ್ದರಿಂದ ಸಂದಿ ಎಷ್ಟು ಅಗಲ ಎಂಬುದು ಮುಖ್ಯ. ಮನೆಯಲ್ಲಿ ಬೆಣ್ಣೆ ಕಾಯಿಸಿದ ತುಪ್ಪವನ್ನು ಹಾಗೇ ಬೆಚ್ಚಗೆ ಬಿಟ್ಟರೆ ಮರಳು ಮರಳಾಗಿ ಹರಳುಗಟ್ಟುತ್ತದೆ, ತಟ್ಟನೆ ತಣಿಸಿದರೆ ನುಣ್ಣಗೆ ಹೆಪ್ಪುಗಟ್ಟುತ್ತದೆ. ತುಪ್ಪದಲ್ಲಿ ನಾವು ಮೆಚ್ಚುವುದು ಮರಳನ್ನು, ಲೋಹದಲ್ಲಿ ನುಣುಪನ್ನು. ಕೊಂಬೆಗಳ ಅಂತರ ಘನೀಭವನದ ಸಮಯದ ಘನಮೂಲಕ್ಕೆ ಸರಿಸುಮಾರು ಅನುಗುಣವಾಗಿರುತ್ತದೆ: ಸಮಯ ಎಂಟು ಪಟ್ಟಾದರೆ ಅಂತರ ಎರಡು ಪಟ್ಟು. ಕಾರಣವೂ ಸ್ವಾರಸ್ಯದ್ದು. ಅರೆಗಟ್ಟಿಯಾದ ಸ್ಥಿತಿಯಲ್ಲಿ ಸಣ್ಣ ಕೊಂಬೆಗಳು ಕರಗಿ ದೊಡ್ಡವು ದಪ್ಪವಾಗುತ್ತಿರುತ್ತವೆ, ಹೆಚ್ಚು ಹೊತ್ತು ಕೊಟ್ಟಷ್ಟೂ ದೊಡ್ಡವು ಸಣ್ಣವನ್ನು ನುಂಗುತ್ತ ಹೋಗುತ್ತವೆ. ಮರಳಿನ ಅಚ್ಚಿನ ದಪ್ಪ ಭಾಗದಲ್ಲಿ ಅಂತರ 80 ಮೈಕ್ರೋಮೀಟರ್ ಇರಬಹುದು, ಕಬ್ಬಿಣದ ಅಚ್ಚಿನ ಮೈಗೆ ಹತ್ತಿಕೊಂಡ ಭಾಗದಲ್ಲಿ 20. ಒಂದೇ ಲೋಹವನ್ನು ಒಂದೇ ಶಾಖೋಪಚಾರ (ಗಟ್ಟಿಯಾದ ಮೇಲೆ ಕುಲುಮೆಯಲ್ಲಿ ಮತ್ತೆ ಕಾಯಿಸುವುದು) ಕೊಟ್ಟು ಎಳೆದು ನೋಡಿದರೆ ಮೊದಲನೆಯದು ಶೇಕಡಾ 3 ಅಥವಾ 4ರಷ್ಟು ಹಿಗ್ಗಿ ಮುರಿಯುತ್ತದೆ, ಎರಡನೆಯದು 10 ದಾಟಬಲ್ಲದು. ಶಾಖೋಪಚಾರದ ಲೆಕ್ಕವೂ ಇದಕ್ಕೇ ಕಟ್ಟುಬಿದ್ದಿದೆ: ಪರಮಾಣುಗಳು ಚಲಿಸಬೇಕಾದ ದೂರ ಅರ್ಧವಾದರೆ ಹರಡಿ ಸಮನಾಗಲು ಬೇಕಾದ ಸಮಯ ಕಾಲುಭಾಗವಾಗುತ್ತದೆ, ಅಂದರೆ ಕುಲುಮೆಯ ವಿದ್ಯುತ್ ಬಿಲ್ಲೂ ಅಚ್ಚಿನಲ್ಲೇ ಬರೆದಾಗಿರುತ್ತದೆ.

ಸಂದಿಯಲ್ಲಿ ಉಳಿದ ಸಿಲಿಕಾನ್ ಸಾಮಾನ್ಯವಾಗಿ ಗಾಜಿನ ಚೂರುಗಳಂಥ ಒರಟು ಹಾಳೆಗಳಾಗುತ್ತದೆ. ಅತ್ಯಲ್ಪ ಸೋಡಿಯಂ ಸೇರಿಸಿದರೆ ಅದು ಹವಳದಂತೆ ನಯವಾಗಿ ಕವಲೊಡೆಯುತ್ತದೆ ಎಂದು ಅಲಾದಾರ್ ಪಾಟ್ಸ್ ಕಂಡುಕೊಂಡು 1920ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಇಂದು ಹೆಚ್ಚಾಗಿ ಸ್ಟ್ರಾನ್ಷಿಯಂ ಬಳಸುತ್ತಾರೆ. ಏನನ್ನೂ ಸೇರಿಸದೆ ಬರೀ ವೇಗವಾಗಿ ತಣಿಸಿದರೂ ಬಹುಮಟ್ಟಿಗೆ ಇದೇ ಫಲ ಸಿಗುತ್ತದೆ ಎಂಬುದನ್ನು ಗಮನಿಸಿ.

ವೇಗವೊಂದೇ ಎಲ್ಲವೂ ಅಲ್ಲ, ದಿಕ್ಕೂ ಇದೆ. ಜೆಟ್ ಎಂಜಿನ್ನಿನ ಟರ್ಬೈನ್ ಅಲಗುಗಳನ್ನು ಬಿಸಿ ವಲಯದಿಂದ ನಿಮಿಷಕ್ಕೆ ಕೆಲವೇ ಮಿಲಿಮೀಟರ್‌ಗಳಂತೆ ಕೆಳಕ್ಕೆ ಇಳಿಸುತ್ತ, ಶಾಖ ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿ, ಬುಡದಲ್ಲಿ ಹುಟ್ಟಿದ ಹಲವು ಹರಳುಗಳಲ್ಲಿ ಒಂದು ಮಾತ್ರ ಸುರುಳಿಯ ಕಿರುದಾರಿಯನ್ನು ದಾಟಿ ಮೇಲೆ ಬರುವಂತೆ ಏರ್ಪಡಿಸುತ್ತಾರೆ. ಇಡೀ ಅಲಗು ಒಂದೇ ಹರಳು. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾ ಪ್ರಯೋಗಾಲಯ 2021ರಲ್ಲಿ ಇಂಥ 60 ಅಲಗುಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಎಚ್‌ಎಎಲ್‌ಗೆ ಒದಗಿಸಿತು.

ಕೊನೆಯದಾಗಿ ಇಲ್ಲಿರುವ ವಿನ್ಯಾಸಕಾರರಿಗೆ ಒಂದು ಮಾತು. ನೀವು ನಕ್ಷೆಯ ಮೂಲೆಯಲ್ಲಿ ಬೂದು ಬೀಡಿನ ದರ್ಜೆಯನ್ನು ‘ಎಫ್‌ಜಿ 260’ ಎಂದು ಬರೆಯುತ್ತೀರಿ. ಭಾರತೀಯ ಮಾನಕದ ಪ್ರಕಾರ ಆ 260 ಮೆಗಾಪಾಸ್ಕಲ್ ಎಂಬುದು ಪ್ರತ್ಯೇಕವಾಗಿ ಎರಕಹೊಯ್ದ, 30 ಮಿಲಿಮೀಟರ್ ವ್ಯಾಸದ ಪರೀಕ್ಷಾ ಸರಳಿನ ಬಲ. ನಿಮ್ಮ ಯಂತ್ರದ ತಳಪಾಯ 80 ಮಿಲಿಮೀಟರ್ ದಪ್ಪವಿದ್ದರೆ, ಅದೇ ಲೇಡಲ್‌ನ ಲೋಹ ಅಲ್ಲಿ ಒರಟು ಗ್ರಾಫೈಟಿನೊಡನೆ ಗಟ್ಟಿಯಾಗಿ ಅಷ್ಟು ಬಲ ತೋರುವುದಿಲ್ಲ. ಪಕ್ಕೆಲುಬು 5 ಮಿಲಿಮೀಟರ್ ಇದ್ದರೆ ನನ್ನ ಪಂಪಿನ ಫ್ಲ್ಯಾಂಜಿನ ಕಥೆಯೇ ಮರುಕಳಿಸೀತು. ಪ್ರಮಾಣಪತ್ರ ಮಾತ್ರ ಎರಡಕ್ಕೂ ಒಂದೇ ಬರುತ್ತದೆ, ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದ್ದರಿಂದ ಮುಂದಿನ ಸಲ ನಕ್ಷೆ ಬರೆಯುವಾಗ ಬಲ ಎಷ್ಟು ಬೇಕು ಎಂಬುದರ ಪಕ್ಕದಲ್ಲೇ ಅದು ಎರಕದ ಯಾವ ಜಾಗದಲ್ಲಿ ಬೇಕು ಎಂದು ಬಾಣದ ಗುರುತೊಂದನ್ನು ಹಾಕಿ, ಮಾದರಿಯನ್ನು ಅಲ್ಲಿಂದಲೇ ಕತ್ತರಿಸಿ ಪರೀಕ್ಷಿಸಬೇಕು ಎಂದು ಬರೆಯಿರಿ. ಫೌಂಡ್ರಿಯವರು ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ಆದರೆ ಬಾಣ ಕಂಡ ಮೇಲೆ ಶಾಖ ಹೀರುವ ಚಿಲ್ ತುಂಡು ಎಲ್ಲಿಡಬೇಕು, ಎರಕ ಕುಗ್ಗಿದಾಗ ಲೋಹ ಒದಗಿಸುವ ರೈಸರ್ ಎಲ್ಲಿಡಬೇಕು ಎಂದು ನಾವು ಯೋಚಿಸುವುದು ಆ ಜಾಗದಿಂದಲೇ ಶುರುವಾಗುತ್ತದೆ.