ಬಾವುಟವನ್ನು ಮೊದಲು ಇಳಿಸಬೇಕು

ಶ್ರೋತೃಗಳೇ, ನಮಸ್ಕಾರ.

ವಿಜಯಪುರದಲ್ಲಿ ಬೆಳೆದವರಿಗೆ ಪ್ರತಿಧ್ವನಿ ಎಂದರೆ ಗೋಳಗುಮ್ಮಟ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಈ ಬದಿಯ ಚಪ್ಪಾಳೆ ನೇರವಾಗಿ ಆ ಬದಿ ಮುಟ್ಟಲು ಸುಮಾರು 0.11 ಸೆಕೆಂಡ್ ಬೇಕು. ಅದೇ ಲೆಕ್ಕ ಹಿಡಿದು ಪ್ರತಿಧ್ವನಿ ಮೂಡಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಪರದೆಯ ಮೇಲಿನ ತಿರುಗುಗುಂಡಿ ತಿರುಗಿಸಿದರೆ ಪ್ರತಿಧ್ವನಿಯ ಅಂತರ ಬದಲಾಗಬೇಕು. ಬಹಳ ಸಲ ಬದಲಾಗುತ್ತಿತ್ತು. ಅಪರೂಪಕ್ಕೊಮ್ಮೆ ಮಾತ್ರ ಗುಂಡಿ ಹೊಸ ಅಂಕಿ ತೋರಿಸುತ್ತಿತ್ತು, ಕಿವಿಗೆ ಹಳೆಯದೇ ಬೀಳುತ್ತಿತ್ತು.

ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳಿಗೆ ಥ್ರೆಡ್ ಎನ್ನುತ್ತಾರೆ. ನನ್ನದರಲ್ಲಿ ಒಂದು ಪರದೆಯನ್ನು ನೋಡಿಕೊಳ್ಳುತ್ತದೆ, ಇನ್ನೊಂದು ಧ್ವನಿಯನ್ನು. ಧ್ವನಿ ತಯಾರಿಸುವ ಥ್ರೆಡ್‌ಗೆ ಬಿಡುವಿಲ್ಲ. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಒಂದೊಂದು ಕ್ಷಣದ ಅಳತೆ), ಒಂದು ಕಂತಿಗೆ 256 ಎಂದಿಟ್ಟುಕೊಳ್ಳಿ; ಪ್ರತಿ ಕಂತಿಗೆ ಸಿಗುವುದು ಬರೀ 5.3 ಮಿಲಿಸೆಕೆಂಡ್. ತಡವಾದರೆ ‘ಟಕ್’ ಎಂದು ಸದ್ದು ಒಡೆಯುತ್ತದೆ. ಪರದೆಯ ಥ್ರೆಡ್ ಅಂಕಿಗೆ ಬೀಗ ಹಾಕಿಕೊಂಡು ಧ್ವನಿಯ ಥ್ರೆಡ್ಡನ್ನು ಬಾಗಿಲಲ್ಲಿ ಕಾಯಿಸುವುದು ನನ್ನ ಪ್ರಕಾರ ಅಪರಾಧವೇ ಸರಿ.

ಅದಕ್ಕೇ ಬಾವುಟ, ಅಂದರೆ ಅಟಾಮಿಕ್ ಫ್ಲ್ಯಾಗ್: ಏರಿದೆ ಅಥವಾ ಇಳಿದಿದೆ ಎಂದಷ್ಟೇ ಹೇಳುವ, ಎರಡೂ ಥ್ರೆಡ್‌ಗಳಿಗೆ ಕಾಣುವ ಗುರುತು. ಪರದೆಯ ಥ್ರೆಡ್ ಮೊದಲು ಹೊಸ ಅಂಕಿ ಬರೆಯುತ್ತದೆ, ಆಮೇಲೆ ಬಾವುಟ ಏರಿಸುತ್ತದೆ. ಧ್ವನಿಯ ಥ್ರೆಡ್ ಪ್ರತಿ ಕಂತಿನ ಆರಂಭದಲ್ಲಿ ಅದರತ್ತ ಕಣ್ಣು ಹಾಯಿಸುತ್ತದೆ. ಏರಿದ್ದರೆ ಲೆಕ್ಕ ಹೊಸದಾಗಿ ಹಾಕುತ್ತದೆ, ಇಲ್ಲದಿದ್ದರೆ ಮುಂದಕ್ಕೆ ಸಾಗುತ್ತದೆ. ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಈ ಸಾಧನ ಬಂದದ್ದು 2011ರ ಆವೃತ್ತಿಯಲ್ಲಿ.

ನನ್ನ ತಪ್ಪು ಎಲ್ಲಿತ್ತು? ಧ್ವನಿಯ ಥ್ರೆಡ್ಡಿನ ಪರವಾಗಿ ಹೇಳುತ್ತೇನೆ. ಬಾವುಟ ಏರಿದ್ದನ್ನು ಕಂಡು ಅಂಕಿ ಓದಿದೆ, ಲೆಕ್ಕ ಹಾಕಿದೆ, ಕೆಲಸವೆಲ್ಲ ಮುಗಿದ ಮೇಲೆ ಬಾವುಟ ಇಳಿಸಿದೆ. ಅಚ್ಚುಕಟ್ಟಾಗಿಯೇ ಕಾಣುತ್ತದೆ, ಅಲ್ಲವೇ? ಆದರೆ ನಾನು ಓದಿದ್ದಕ್ಕೂ ಇಳಿಸಿದ್ದಕ್ಕೂ ನಡುವೆ ಬೆರಳು ಇನ್ನೊಂದು ಚೂರು ಗುಂಡಿ ತಿರುಗಿಸಿರುತ್ತದೆ. ಹೊಸ ಅಂಕಿ ಬಂದು ಕೂತಿರುತ್ತದೆ, ಏರಿದ್ದ ಬಾವುಟವನ್ನೇ ಮತ್ತೆ ಏರಿಸಿಯೂ ಆಗಿರುತ್ತದೆ. ನಾನು ಹಳೆಯ ಸುದ್ದಿ ಎಂದುಕೊಂಡು ಅದನ್ನು ಇಳಿಸಿಬಿಡುತ್ತೇನೆ. ಆ ಕೊನೆಯ ಅಂಕಿಯನ್ನು ಕೇಳುವವರೇ ಇಲ್ಲ. ಇದನ್ನು ಕಂಡುಹಿಡಿಯಲು ನನಗೆ ಮೂರು ರಾತ್ರಿ ಹಿಡಿಯಿತು, ಏಕೆಂದರೆ ನಿಧಾನವಾಗಿ ತಿರುಗಿಸಿ ಪರೀಕ್ಷಿಸಿದಾಗಲೆಲ್ಲ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು.

ಪರಿಹಾರ ಒಂದೇ ಸಾಲಿನದು. ಬಾವುಟವನ್ನು ನೋಡುವುದೂ ಇಳಿಸುವುದೂ ಒಂದೇ ಏಟಿಗೆ, ನಡುವೆ ಯಾರೂ ನುಸುಳದಂತೆ ನಡೆಯಬೇಕು. ಅಟಾಮಿಕ್ ಎಂಬ ಮಾತಿನ ಅರ್ಥವೇ ಅದು, ಒಡೆಯಲಾಗದ್ದು. ಮೊದಲು ಇಳಿಸಿ, ಆಮೇಲೆ ಓದಬೇಕು. ಓದುವಾಗ ಹೊಸ ಅಂಕಿ ಬಂದರೆ ಬಾವುಟ ಮತ್ತೆ ಏರುತ್ತದೆ, ಮುಂದಿನ ಕಂತು ಅದನ್ನು ನೋಡಿಕೊಳ್ಳುತ್ತದೆ. ಅಂದಹಾಗೆ, ಆ ಅಂಕಿಯೂ ಅಟಾಮಿಕ್ ಆಗಿಯೇ ಇರಬೇಕು.

ಹೀಗೆ ಮಾಡಿದರೆ ಒಮ್ಮೊಮ್ಮೆ ಒಂದೇ ಅಂಕಿಗೆ ಎರಡು ಸಲ ಲೆಕ್ಕ ಹಾಕಬೇಕಾಗುತ್ತದೆ. ಹಾಕಲಿ ಬಿಡಿ.

ನಮಸ್ಕಾರ.