ಸೊನ್ನೆ ಬೈಟಿನ ಚಂದಾ ಪಟ್ಟಿ

ಕೇಳುಗರೇ, ನಮಸ್ಕಾರ.

ರೇಡಿಯೋದಲ್ಲಿ ಕೋಡ್ ತೋರಿಸಲು ಆಗುವುದಿಲ್ಲ. ಹಾಗಾಗಿ ಒಂದು ಫೋನ್ ಕರೆಯ ಕಥೆ ಹೇಳುತ್ತೇನೆ.

ನನ್ನ ಅಕ್ಕನ ಮಗಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ಜಾತ್ರೆಯ ಚಂದಾ ಪಟ್ಟಿಯನ್ನು ಫೈಲಿಗೆ ಬರೆಯುವ ಪುಟ್ಟ ಪ್ರೋಗ್ರಾಮ್ ಮಾಡಿದ್ದಳು. ಇಂಗ್ಲಿಷಿನಲ್ಲಿ ಹೆಸರು ಹಾಕಿದಾಗ ಚೆನ್ನಾಗಿಯೇ ಓಡಿತು. ಅಜ್ಜ ನೋಡಿ, "ಕನ್ನಡದಲ್ಲಿ ಬರಿಯಮ್ಮ" ಅಂದರು. ಬರೆದಳು. ಪರದೆ ತುಂಬ ಕೆಂಪಕ್ಷರ. ಫೈಲ್ ತೆರೆದರೆ ಹೊಸ ಹೆಸರೂ ಇಲ್ಲ, ಹಳೆಯದೂ ಇಲ್ಲ. ಫೈಲಿನ ಗಾತ್ರ ಸೊನ್ನೆ ಬೈಟ್.

"ಮಾಮ, ಎಲ್ಲಾ ಹೋಯ್ತು!"

"ಕೊನೇ ಸಾಲು ಓದು" ಅಂದೆ. ಕೆಂಪಕ್ಷರ ಕಂಡರೆ ನಾವು ಮೇಲಿನಿಂದ ಓದುತ್ತಾ ಸುಮ್ನೆ ಹೆದರುತ್ತೇವೆ. ಪೈಥಾನಿನಲ್ಲಿ ಅಸಲಿ ವಿಷಯ ಇರುವುದು ಕೊನೆಯಲ್ಲೇ. ಅಲ್ಲಿ 'ಯೂನಿಕೋಡ್ ಎನ್‌ಕೋಡ್ ಎರರ್' ಎಂದಿತ್ತು, ಜೊತೆಗೆ 'ಚಾರ್‌ಮ್ಯಾಪ್' ಎಂಬ ಮಾತು.

ಅವಳದು ವಿಂಡೋಸ್ ಲ್ಯಾಪ್‌ಟಾಪ್. ಯಾವ ಲಿಪಿ ಸಂಕೇತದಲ್ಲಿ, ಅಂದರೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಯಾವ ಪಟ್ಟಿಯಂತೆ, ಬರೆಯಬೇಕೆಂದು ನಾವು ಹೇಳದಿದ್ದರೆ, ಅಲ್ಲಿ ಪೈಥಾನ್ ಸಾಮಾನ್ಯವಾಗಿ 1252 ಎಂಬ ಹಳೆಯ ಪಟ್ಟಿಯನ್ನು ಹಿಡಿಯುತ್ತದೆ. ಅದರಲ್ಲಿ ಇರುವುದೇ 256 ಮನೆ, ಅಕ್ಷರಗಳೆಂದರೆ ಪಶ್ಚಿಮ ಯುರೋಪಿನವು ಮಾತ್ರ. ನಮ್ಮ 'ಕ'ಗೆ ಜಾಗವೇ ಇಲ್ಲ. ಕನ್ನಡಕ್ಕೂ ಜಾಗವಿರುವ ಸಂಕೇತ ಯುಟಿಎಫ್-8. ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದರೆ ಈ ಜಗಳ ಮುಗಿಯಿತು. 3.15ನೇ ಆವೃತ್ತಿಯಿಂದ ಅದು ತಾನಾಗಿಯೇ ಬರಬೇಕೆಂದು ಪೈಥಾನ್ ಬಳಗ ತೀರ್ಮಾನಿಸಿದೆ. ಆದರೂ ಬರೆಯುವ ಅಭ್ಯಾಸ ಇರಲಿ.

ಸರಿ, ಮೊದಲು ಬರೆದಿದ್ದ ಚಂದಾ ಪಟ್ಟಿ ಯಾಕೆ ಅಳಿಸಿಹೋಯಿತು? ಇದು ನನ್ನನ್ನೂ ಒಮ್ಮೆ ಅಳಿಸಿದ ಪ್ರಶ್ನೆ. ಅವಳು ಫೈಲನ್ನು ಹೊಸದಾಗಿ ಬರೆಯಲೆಂದಿರುವ 'ಡಬ್ಲ್ಯು' ಮೋಡ್‌ನಲ್ಲಿ ತೆರೆದಿದ್ದಳು. ಆ ಮೋಡ್ ಬರೆಯುವಾಗಲ್ಲ, ತೆರೆದ ಕ್ಷಣದಲ್ಲೇ ಫೈಲನ್ನು ಖಾಲಿ ಮಾಡುತ್ತದೆ. ಆಮೇಲೆ ಮೊದಲ ಹೆಸರಿಗೇ ಮುಗ್ಗರಿಸಿದರೆ ಕೈಯಲ್ಲಿ ಉಳಿಯುವುದು ಸೊನ್ನೆ. ಕೊನೆಗೆ ಸೇರಿಸುವುದಷ್ಟೇ ಆದರೆ 'ಎ' ಮೋಡ್ ಸಾಕು. ಪೂರ್ತಿ ಹೊಸದಾಗಿ ಬರೆಯಬೇಕೇ? ಬೇರೆ ಹೆಸರಿನ ಫೈಲಿಗೆ ಬರೆದು, ಸರಿಯಾಗಿ ಮುಗಿದ ಮೇಲೆ ಹಳೆಯದರ ಜಾಗಕ್ಕೆ ತನ್ನಿ.

ಒಂದು ಗಂಟೆ ಬಿಟ್ಟು ಮತ್ತೆ ಫೋನ್. ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಗೀಚು. "ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಪಕ್ಕದಲ್ಲಿ ಪುಟ್ಟ 2 ಅಥವಾ 3 ಜಾಸ್ತಿ ಕಾಣ್ತಿದೆಯಾ?" ಎಂದೆ. "ಹೌದು! ನಿಮಗೆ ಹೇಗೆ ಗೊತ್ತಾಯ್ತು?" ಮಂತ್ರವೇನಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತ ಚಿಹ್ನೆಗೂ ಮೂರು ಬೈಟ್. ಮೊದಲೆರಡನ್ನು ಆ ಹಳೆಯ 1252ರ ಕಣ್ಣಿನಿಂದ ಓದಿದರೆ ಕಾಣುವುದು ಇದೇ ಜೋಡಿ. ಅಂದರೆ ಫೈಲ್ ಸರಿಯಾಗಿಯೇ ಇದೆ, ಓದುವವರು ತಪ್ಪು ಕನ್ನಡಕ ಹಾಕಿದ್ದಾರೆ ಅಷ್ಟೇ. ಎಕ್ಸೆಲ್‌ಗಾಗಿಯಾದರೆ 'ಯುಟಿಎಫ್-8-ಸಿಗ್' ಎಂದು ಕೊಡಿ. ಫೈಲಿನ ಆರಂಭದಲ್ಲಿ ಒಂದು ಗುರುತು ಬೀಳುತ್ತದೆ, ಎಕ್ಸೆಲ್ ಅದನ್ನು ನೋಡಿ ಅರ್ಥ ಮಾಡಿಕೊಳ್ಳುತ್ತದೆ. ಸಾಲುಗಳ ನಡುವೆ ಖಾಲಿ ಸಾಲು ಬಂದರೆ, ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿಯಾದ ಸಿಎಸ್‌ವಿ ಫೈಲ್ ತೆರೆಯುವಾಗ 'ನ್ಯೂಲೈನ್' ಖಾಲಿ ಎಂದು ಹೇಳುವುದನ್ನು ಮರೆತಿದ್ದೀರಿ.

ಎರರ್ ಬರಲೇ ಇಲ್ಲ, ಆದರೂ ಫೈಲ್ ಖಾಲಿ ಅನ್ನುವವರು ಪ್ರೋಗ್ರಾಮ್ ಇನ್ನೂ ಓಡುತ್ತಿದೆಯಾ ನೋಡಿ. ಬರೆದದ್ದು ಮೊದಲು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕೂರುತ್ತದೆ. ಅದು ತುಂಬಿದಾಗ, ಇಲ್ಲವೇ ಫೈಲ್ ಮುಚ್ಚಿದಾಗ ಹೊರಗೆ ಬರುತ್ತದೆ. ಫೈಲ್ ತೆರೆಯುವಾಗ ಪೈಥಾನಿನ 'ವಿತ್' ಎಂಬ ಪದ ಬಳಸಿದರೆ ಮುಚ್ಚುವ ಚಿಂತೆ ನಿಮಗಿಲ್ಲ.

ಅಂದಹಾಗೆ, ಅಳಿಸಿದ ಆ ಹೆಸರುಗಳೆಲ್ಲ ಅಜ್ಜನ ನೋಟ್‌ಬುಕ್ಕಿನಲ್ಲಿ ಇದ್ದವು. ಅವಳು ಮತ್ತೆ ಕೂತು ಟೈಪ್ ಮಾಡಿದಳು, ಈ ಸಲ ಕನ್ನಡದಲ್ಲೇ.

ನಮಸ್ಕಾರ.