ಗೌರವದ ಬಹುವಚನ ಮತ್ತು ಇಂಗ್ಲಿಷಿನ ‘ಎಸ್’

ಕೇಳುಗರಿಗೆ ನಮಸ್ಕಾರ.

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯ ಕನ್ನಡ ಶಾಲೆಗಳ ಮಕ್ಕಳು ಮನೆಯವರನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುವಾಗ ‘ಮೈ ಫಾದರ್ ವರ್ಕ್ ಇನ್ ದಾವಣಗೆರೆ’ ಎಂದು ಬರೆಯುವುದುಂಟು. ‘ವರ್ಕ್ಸ್’ ಎಂದು ತಿದ್ದುವ ನಾವು, ಮಗು ‘ಎಸ್’ ಅಕ್ಷರವನ್ನು ಮರೆಯಿತೆಂದು ತಿಳಿಯುತ್ತೇವೆ. ಎಷ್ಟೋ ಸಲ ಮರೆವಿಗಿಂತ ಕನ್ನಡದ ಸೌಜನ್ಯವೇ ಇದಕ್ಕೆ ಕಾರಣವಿರಬೇಕೆಂದು ನನಗೆ ತೋರುತ್ತದೆ.

ದಿನನಿತ್ಯ ನಡೆಯುವ ಸಂಗತಿಯನ್ನು ಹೇಳುವ ವರ್ತಮಾನ ಕಾಲದಲ್ಲಿ ನಮ್ಮ ‘ನಡೆ’ ಎಂಬ ಧಾತು ನಡೆಯುತ್ತೇನೆ, ನಡೆಯುತ್ತೇವೆ, ನಡೆಯುತ್ತೀಯೆ, ನಡೆಯುತ್ತೀರಿ, ನಡೆಯುತ್ತಾನೆ, ನಡೆಯುತ್ತಾಳೆ, ನಡೆಯುತ್ತಾರೆ, ನಡೆಯುತ್ತದೆ, ನಡೆಯುತ್ತವೆ ಎಂದು 9 ರೂಪಗಳನ್ನು ತಾಳುತ್ತದೆ. ಇಂಗ್ಲಿಷಿನ ‘ವಾಕ್’ ಕ್ರಿಯಾಪದಕ್ಕೆ ಇರುವುದು 2 ರೂಪಗಳು ಮಾತ್ರ: ಐ, ವಿ, ಯು, ದೇ ಎಂಬವುಗಳೊಡನೆ ‘ವಾಕ್’, ಹಿ, ಶಿ, ಇಟ್ ಎಂಬವುಗಳೊಡನೆ ‘ವಾಕ್ಸ್’.

ಅಷ್ಟು ರೂಪಗಳನ್ನು ತಡವರಿಸದೆ ನುಡಿಯುವ ಮಗು ಇಲ್ಲಿ ಏಕೆ ಎಡವುತ್ತದೆ? ತಂದೆಯವರು ‘ಕೆಲಸ ಮಾಡುತ್ತಾರೆ’ ಎಂದು ಬಹುವಚನದಲ್ಲಿ ಹೇಳುವುದು ನಮ್ಮ ರೂಢಿ. ಇಂಗ್ಲಿಷಿನಲ್ಲಿ ಬಹುವಚನದ ಕ್ರಿಯಾಪದಕ್ಕೆ ‘ಎಸ್’ ಇಲ್ಲ. ಗೌರವವನ್ನು ಉಳಿಸಿಕೊಂಡ ಮಗು ಅಕ್ಷರವನ್ನು ಬಿಡುತ್ತದೆ. ಆ ಭಾಷೆಯಲ್ಲಾದರೋ ಒಬ್ಬರೇ ಇದ್ದರೆ, ಅವರು ತಂದೆಯಾಗಲಿ, ಜಿಲ್ಲಾಧಿಕಾರಿಯಾಗಲಿ, ಬೀದಿಯಲ್ಲಿ ಆಡುವ ತಮ್ಮನಾಗಲಿ, ಕ್ರಿಯಾಪದದ ರೂಪ ಒಂದೇ. ಇದರ ಮೇಲೆ ಇನ್ನೊಂದು ತೊಡಕು: ನಾಮಪದದ ಕೊನೆಯಲ್ಲಿ ಬಹುವಚನವನ್ನು ಸೂಚಿಸುವ ಅದೇ ‘ಎಸ್’ ಕ್ರಿಯಾಪದದ ಕೊನೆಯಲ್ಲಿ ಏಕವಚನವನ್ನು ಸೂಚಿಸುತ್ತದೆ. ಆದುದರಿಂದ ‘ದಿ ಬಾಯ್ ಪ್ಲೇಸ್’, ಆದರೆ ‘ದಿ ಬಾಯ್ಸ್ ಪ್ಲೇ’. ಸಾಲದ್ದಕ್ಕೆ ಅವನು, ಅವಳು, ಅವರು, ಅದು ಎಂಬವುಗಳನ್ನೊಳಗೊಂಡ ಕನ್ನಡ ವ್ಯಾಕರಣದ ಪ್ರಥಮ ಪುರುಷವೇ ಇಂಗ್ಲಿಷ್ ತರಗತಿಯಲ್ಲಿ ಮೂರನೆಯದೆನಿಸಿಕೊಳ್ಳುತ್ತದೆ. ಶಿಕ್ಷಕರು ಇದನ್ನು ಮೊದಲೇ ಬಿಡಿಸಿ ಹೇಳುವುದು ಮೇಲು.

ಉಚ್ಚಾರಣೆಯೂ ಒಂದೇ ತೆರನಲ್ಲ. ‘ವಾಕ್ಸ್’ ಎಂಬಲ್ಲಿ ಕೇಳುವ ಸಕಾರ ‘ಪ್ಲೇಸ್’ ಎಂದು ನಾವು ಬರೆಯುವಲ್ಲಿ ಘೋಷವಾಗಿ, ಜ಼ಕಾರಕ್ಕೆ ತಿರುಗುತ್ತದೆ. ಭದ್ರಾ ನಾಲೆಯ ನೀರು ದಾವಣಗೆರೆಯ ಗದ್ದೆಗಳನ್ನು ತಲುಪುತ್ತದೆ ಎನ್ನಲು ‘ರೀಚ್’ ಬಳಸಿದರೆ, ಚಕಾರದ ಮೇಲೆ ಸಕಾರ ನಿಲ್ಲದ ಕಾರಣ ನಡುವೆ ಸ್ವರ ಬಂದು ‘ರೀಚಿಜ಼್’ ಆಗುತ್ತದೆ. ಬರವಣಿಗೆಯಲ್ಲಿ ‘ಇ’, ‘ಎಸ್’ ಎರಡೂ ಬೇಕು. ‘ಕ್ರೈ’ಯಂತೆ ವ್ಯಂಜನದ ಮೇಲೆ ‘ವೈ’ ಬಂದರೆ ಆ ‘ವೈ’ ಅಳಿದು ‘ಐ’, ‘ಇ’, ‘ಎಸ್’ ಬರುತ್ತವೆ. ‘ಪ್ಲೇ’ಯಲ್ಲಿ ‘ವೈ’ ಹಾಗೆಯೇ ಉಳಿಯುತ್ತದೆ.

ಈ ‘ಎಸ್’ ಸದಾ ಹೀಗೆಯೇ ಇದ್ದುದೂ ಅಲ್ಲ. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಇದರ ಸ್ಥಾನದಲ್ಲಿ ‘ಎತ್’ ಪ್ರತ್ಯಯವಿದ್ದು, ‘ವಾಕೆತ್’ ಎಂಬಂಥ ರೂಪಗಳು ಕಾಣುತ್ತವೆ.

ಪ್ರಶ್ನೆ ಮತ್ತು ನಿಷೇಧಗಳಲ್ಲಿ ಮಾತ್ರ ಮೂಲ ಕ್ರಿಯಾಪದ ಈ ಭಾರವನ್ನು ‘ಡಸ್’ ಎಂಬುದಕ್ಕೆ ಒಪ್ಪಿಸಿಬಿಡುತ್ತದೆ. ‘ಡಸ್ ಯುವರ್ ಫಾದರ್ ವರ್ಕ್?’ ಎಂದು ಕೇಳಬೇಕು, ‘ಹಿ ಡಸಂಟ್ ವರ್ಕ್’ ಎಂದು ಉತ್ತರಿಸಬೇಕು. ‘ವರ್ಕ್ಸ್’ ಕಲಿತ ಉತ್ಸಾಹದಲ್ಲಿ ಮಕ್ಕಳು ಎರಡು ಕಡೆಯೂ ‘ಎಸ್’ ಹಚ್ಚುವುದು ಇಲ್ಲಿಯೇ.